ಸೂತ್ರಾಧ್ಯಕ್ಷನೂ ಬೀಡಿಯ ಬ್ರಾಂಚೂ

ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಕೌಟಿಲೀಯ ಅರ್ಥಶಾಸ್ತ್ರವನ್ನು ಮುದ್ರಿಸಿ ಬೆಳಕಿಗೆ ತಂದ ಮೇಲೆ, ಅದರ ಎರಡನೆಯ ಅಧಿಕರಣದಲ್ಲಿರುವ ಸೂತ್ರಾಧ್ಯಕ್ಷಪ್ರಕರಣವನ್ನು ಪ್ರಾಚೀನರ ಕಾರುಣ್ಯಕ್ಕೆ ನಿದರ್ಶನವೆಂದು ಕೊಂಡಾಡುವ ವಾಡಿಕೆಯುಂಟಾಯಿತು. ಮನೆಬಿಟ್ಟು ಹೊರಡದ ವಿಧವೆಯರೂ ಅಂಗವಿಕಲೆಯರೂ ಕನ್ಯೆಯರೂ ಪತಿಯು ಪರಸ್ಥಳದಲ್ಲಿರುವವರೂ ಜೀವನಾರ್ಥವಾಗಿ ನೂಲುವುದಾದರೆ ದಾಸಿಯರ ಮುಖಾಂತರ ಅವರಿಗೆ ಕೆಲಸವನ್ನು ಮುಟ್ಟಿಸತಕ್ಕದ್ದು. ತಾವಾಗಿಯೇ ಸೂತ್ರಶಾಲೆಗೆ ಬರುವವರಿಂದ ಮುಂಜಾವದಲ್ಲಿ ನೂಲನ್ನು ಪಡೆದು ವೇತನವನ್ನು ಕೊಡತಕ್ಕದ್ದು. ದೀಪವಿರುವುದು ನೂಲಿನ ಪರೀಕ್ಷೆಗೆ ಮಾತ್ರ. ಸ್ತ್ರೀಯ ಮುಖವನ್ನು ನೋಡಿದವನಿಗೂ ಅನ್ಯವಿಷಯವನ್ನು ಮಾತನಾಡಿದವನಿಗೂ ಪೂರ್ವಸಾಹಸದಂಡ, ವೇತನದ ಕಾಲವನ್ನು ಮೀರಿದವನಿಗೆ ಮಧ್ಯಮಸಾಹಸದಂಡ. ಇದು ಆ ಪ್ರಕರಣದ ತಾತ್ಪರ್ಯವು.

ಆದರೆ ಕಾರುಣ್ಯವೆಂಬ ಮಾತು ಇಲ್ಲಿ ಸಲ್ಲದು. ನೂಲು ಕಡಮೆಯಾದರೆ ದ್ರವ್ಯದ ಬೆಲೆಗೆ ತಕ್ಕಂತೆ ವೇತನವೂ ಕಡಮೆಯೆಂದು ಅಲ್ಲಿಯೇ ಹೇಳಿದೆ. ವೇತನವನ್ನು ಪಡೆದು ಕೆಲಸವನ್ನು ಮಾಡದವಳಿಗೆ ಹೆಬ್ಬೆರಳಿನ ಶಿಕ್ಷೆಯನ್ನು ವಿಧಿಸಿದೆ. ಕೊಂಡಾಡುವವರು ಈ ವಾಕ್ಯವನ್ನು ಮೆಲ್ಲನೆ ದಾಟಿಬಿಡುತ್ತಾರೆ. ಪ್ರಕರಣದ ಗುಣವಿರುವುದು ಬೇರೆಡೆ. ಪದಾರ್ಥವನ್ನು ಕೊಡುವವನು, ಪರೀಕ್ಷಿಸುವವನು, ವೇತನವನ್ನು ತೆರುವವನು, ತಡಮಾಡಿದರೆ ದಂಡಕ್ಕೆ ಗುರಿಯಾಗುವವನು ಇವರೆಲ್ಲರೂ ಒಂದೇ ಶಾಲೆಗೆ ಸೇರಿದವರು. ಸ್ವಾಮಿಯಾರೆಂಬ ಸಂದೇಹಕ್ಕೆ ಆಸ್ಪದವಿಲ್ಲ.

ಇದರ ಬೆಲೆಯನ್ನು ಅರಿಯುವುದಕ್ಕೆ ಬಂಟ್ವಾಳ ಸೀಮೆಯ ಬೀಡಿಯ ಉದ್ಯಮವೇ ಒರೆಗಲ್ಲು. ಅಲ್ಲಿಯೂ ಮನೆಯಲ್ಲಿ ಕುಳಿತ ಸ್ತ್ರೀಯರೇ ಮಡಿಲಲ್ಲಿ ಗೆರಸೆಯನ್ನಿಟ್ಟುಕೊಂಡು ಬೀಡಿ ಕಟ್ಟುತ್ತಾರೆ. ಬ್ರಾಂಚಿನಿಂದ ಎಲೆಯೂ ಹೊಗೆಸೊಪ್ಪೂ ಬರುತ್ತವೆ, ಕಟ್ಟಿದ ಬೀಡಿ ಬ್ರಾಂಚಿಗೆ ಹೋಗುತ್ತದೆ, ಕೂಲಿಯು ಸಾವಿರದ ಲೆಕ್ಕದಲ್ಲಿ. ಆದರೆ ನಡುವೆ ಕಂತ್ರಾಟುದಾರನೊಬ್ಬನು ನಿಂತನು. ಕಟ್ಟುವವಳು ತನಗೆ ಗುರುತಿಲ್ಲವೆಂದು ಮಾಲಿಕನು ಹೇಳುವುದಕ್ಕೆ ಇದರಿಂದ ಅವಕಾಶವಾಯಿತು. ಮದರಾಸು ರಾಜ್ಯದ ಒಂದು ವ್ಯಾಜ್ಯದಲ್ಲಿ, ಇಂತಹ ಮಧ್ಯಸ್ಥರು ಮಾಲಿಕರ ಕೈಯಾಳುಗಳೇ ಎಂಬ ನಿರ್ಣಯವನ್ನು 1964ರಲ್ಲಿ ಸುಪ್ರೀಂ ಕೋರ್ಟು ಒಪ್ಪಿತು. 1966ರ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯಿದೆಯು ಮನೆಯಲ್ಲಿ ದುಡಿಯುವವಳನ್ನೂ ನೌಕರವರ್ಗಕ್ಕೆ ಸೇರಿಸಿತು. ಮಂಗಳೂರು ಗಣೇಶ ಬೀಡಿ ವರ್ಕ್ಸ್ ಮೊದಲಾದವರು ಅದನ್ನು ಪ್ರಶ್ನಿಸಲು, 1974ರಲ್ಲಿ ಅದೇ ನ್ಯಾಯಸ್ಥಾನವು ಕಾಯಿದೆಯನ್ನು ಮುಖ್ಯಾಂಶದಲ್ಲಿ ಎತ್ತಿಹಿಡಿಯಿತು. ಕೌಟಿಲ್ಯನಲ್ಲಿ ಸಹಜವಾಗಿದ್ದುದನ್ನು ಇಲ್ಲಿ ವ್ಯಾಜ್ಯಮುಖದಿಂದ ಸಾಧಿಸಬೇಕಾಯಿತು.

ಹಾಗೆಂದು ಸೂತ್ರಶಾಲೆಯೇ ಮೇಲೆನ್ನಲಾಗದು. ಅಲ್ಲಿ ನೂಲನ್ನು ನೋಡುವ ದೀಪವುಂಟು; ನೋಡಿದವನ ತೀರ್ಪನ್ನು ನೋಡುವ ದೀಪವಿಲ್ಲ. ಮೂರನೆಯ ಅಧಿಕರಣವು ಸಂಘಭೃತರನ್ನು, ಎಂದರೆ ಕೂಡಿ ದುಡಿದು ವೇತನವನ್ನು ಹಂಚಿಕೊಳ್ಳುವವರನ್ನು ಬಲ್ಲದು; ಆದರೆ ನೂಲುವ ಸ್ತ್ರೀಯರಿಗೆ ಸಂಘವನ್ನು ಹೇಳಲಿಲ್ಲ. ಬ್ರಾಂಚಿನಲ್ಲಿ ಕಲಹವು ಹುಟ್ಟುವುದಾದರೋ ಈ ಪರೀಕ್ಷೆಯಲ್ಲಿಯೇ. ಗಿರಾಕಿಗೆ ಕೆಟ್ಟ ಬೀಡಿ ಹೋಗಬಾರದೆಂಬ ಮಾಲಿಕರ ಮಾತು ನ್ಯಾಯವಾದುದೇ. ಎಲೆಯೇ ಹರಿದದ್ದಾಗಿದ್ದರೆ ಬೀಡಿಯ ಲೆಕ್ಕ ತುಂಬುವುದೆಂತು ಎಂಬ ಕೆಲಸದವಳ ಮಾತೂ ನ್ಯಾಯವಾದುದು. ಆದರೆ ಒಬ್ಬಳೇ ನಿಂತು ಹಾಗೆ ಕೇಳಿದವಳಿಗೆ ನಾಳೆಯ ಎಲೆಯ ಭಯವುಂಟು. ಮನೆಮನೆಗೆ ಚದರಿದವರ ಈ ಮಾತನ್ನು ಒಟ್ಟುಗೂಡಿಸಿ ಆಡುವುದರಿಂದಲೇ ಕಾರ್ಮಿಕಸಂಘವು ಸಾರ್ಥಕವು. ಕೂಲಿಯ ದರದ ಘೋಷಣೆಯೊಂದರಿಂದಲ್ಲ.

1966ರ ಕಾಯಿದೆಯ 39ನೆಯ ಕಲಮು ಪದಾರ್ಥದ ವಿತರಣೆ, ಬೀಡಿಯ ತಿರಸ್ಕಾರ, ತಿರಸ್ಕೃತವಾದುದರ ಕೂಲಿ ಎಂಬ ಮೂರು ವಿವಾದಗಳನ್ನೂ ಹೊರಗಿನ ಅಧಿಕಾರಿಯೊಬ್ಬನ ಮುಂದೆ ಇಡಿಸಿತು. ಸೂತ್ರಾಧ್ಯಕ್ಷಪ್ರಕರಣದಲ್ಲಿ ಇದಕ್ಕೆ ಸಮಾನವಾದ ವಿಧಿಯಿಲ್ಲ.