‘ಶೂದ್ರ ತಪಸ್ವಿ’ಯಲ್ಲಿ ನ್ಯಾಯವಿಚಾರ

ಮುತ್ತಿನಕೊಪ್ಪ, ಕೊಪ್ಪ, ಶೃಂಗೇರಿಗಳನ್ನೊಳಗೊಂಡ ಮಲೆನಾಡಿನ ಸೀಮೆಯು ಎರಡು ಕಾರಣಗಳಿಂದ ವಿದ್ವಜ್ಜನರಿಗೆ ಪರಿಚಿತವಾಗಿದೆ. ಶೃಂಗೇರಿಯು ಅದ್ವೈತ ವೇದಾಂತದ ಪ್ರಾಚೀನ ಪೀಠ; ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯು 1904ನೆಯ ಇಸವಿ ಡಿಸೆಂಬರ್ 29ರಂದು ಕುವೆಂಪು ಅವರು ಜನಿಸಿದ ಗ್ರಾಮ. ಆತ್ಮವು ಸರ್ವತ್ರ ಏಕವೆಂದು ಬೋಧಿಸಿದ ಈ ಸೀಮೆಯಲ್ಲಿಯೇ ಮನುಷ್ಯರು ಜನ್ಮಮಾತ್ರದಿಂದ ಮೇಲು ಕೀಳೆಂದು ವಿಭಾಗಗೊಂಡು, ಕೆಲವರು ತೋಟ ಗದ್ದೆಗಳ ಒಡೆಯರಾಗಿಯೂ ಕೆಲವರು ಅವರ ಜೀತದಾಳುಗಳಾಗಿಯೂ ಬಾಳಿದರು. ಈ ವಿರೋಧವನ್ನು ಕುವೆಂಪು ಅವರು ‘ಶೂದ್ರ ತಪಸ್ವಿ’ (1944) ಎಂಬ ನಾಟಕದಲ್ಲಿ ಎಷ್ಟರಮಟ್ಟಿಗೆ ಪರಿಹರಿಸಿರುವರೆಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ಕಥೆಯ ಮೂಲವು ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿದೆ. ಬ್ರಾಹ್ಮಣನೊಬ್ಬನು ಅಕಾಲದಲ್ಲಿ ಮಡಿದ ತನ್ನ ಬಾಲಕನನ್ನು ರಾಜದ್ವಾರಕ್ಕೆ ತಂದು, ದೊರೆಯ ದೋಷವೇ ಇದಕ್ಕೆ ಕಾರಣವೆಂದು ಗೋಳಿಡುವನು. ಶೂದ್ರನೊಬ್ಬನು ತಪಸ್ಸನ್ನಾಚರಿಸುತ್ತಿರುವುದೇ ಆ ದೋಷವೆಂದು ನಾರದನು ನಿರ್ಣಯಿಸುವನು. ಶ್ರೀರಾಮನು ಪುಷ್ಪಕವನ್ನೇರಿ ಅರಸುತ್ತ ಹೋಗಿ, ತಲೆಕೆಳಗಾಗಿ ತಪಸ್ಸು ಮಾಡುತ್ತಿದ್ದ ಶಂಬೂಕನನ್ನು ಕಂಡು, ಅವನು ಶೂದ್ರನೆಂದು ಆತನ ಬಾಯಿಂದಲೇ ಕೇಳಿದೊಡನೆ ಖಡ್ಗದಿಂದ ಶಿರಶ್ಛೇದ ಮಾಡುವನು, ಬಾಲಕನು ಬದುಕುವನು. ದಂಡನೆಯನ್ನು ನಿರ್ಣಯಿಸಿದುದು ವರ್ಣವೊಂದೇ. ತಪಸ್ಸಿನ ಗುಣದೋಷಗಳ ಪರೀಕ್ಷೆಯು ಅಲ್ಲಿ ನಡೆಯಲಿಲ್ಲ.

ಈ ಪ್ರಸಂಗವು ಹಿಂದಿನ ಸಹೃದಯರನ್ನೂ ನೋಯಿಸದೆ ಇರಲಿಲ್ಲ. ಭವಭೂತಿಯು ‘ಉತ್ತರರಾಮಚರಿತ’ದ ಎರಡನೆಯ ಅಂಕದಲ್ಲಿ, ಏಳದ ಕೈಯನ್ನು ತಾನೇ ನಿಷ್ಠುರವಾಗಿ ಪ್ರೇರಿಸುವ ರಾಮನನ್ನು ತೋರಿಸಿದ್ದಾನೆ. ಹತನಾದ ಶಂಬೂಕನು ದಿವ್ಯದೇಹವನ್ನು ಧರಿಸಿ ಬಂದು ರಾಮನನ್ನು ವಂದಿಸುತ್ತಾನೆ. ಆದರೆ ಕರುಣೆಯು ಕೊಲೆಯನ್ನು ತಡೆಯಲಿಲ್ಲ. ಕೊಲ್ಲುವವನ ದುಃಖವನ್ನು ಕಾಣಿಸಿದಷ್ಟು ಸ್ಫುಟವಾಗಿ ಕವಿಯು ಕೊಲೆಯ ಅನ್ಯಾಯವನ್ನು ಕಾಣಿಸಲಿಲ್ಲ.

ಕುವೆಂಪು ಅವರು ಮಾಡಿದ ಮಾರ್ಪಾಡು ಇದಕ್ಕಿಂತ ಆಳವಾದುದು. ಶಂಬೂಕನನ್ನು ಶೂದ್ರನೆಂದು ಅನಾದರಿಸಿದ ಬ್ರಾಹ್ಮಣನ ದರ್ಪವೇ ಇವರ ನಾಟಕದಲ್ಲಿ ಅಧರ್ಮ. ರಾಮನು ಖಡ್ಗಕ್ಕೆ ಬದಲಾಗಿ ಬ್ರಹ್ಮಾಸ್ತ್ರವನ್ನು ಪ್ರಯೋಗಿಸುವನು. ಅದು ತಪಸ್ವಿಗೆ ನಮಿಸಿ, ಆಪಾದಿಸಿದವನನ್ನೇ ಅಟ್ಟುವುದು. ಬ್ರಾಹ್ಮಣನು ತಪಸ್ವಿಗೆ ತಲೆಬಾಗಲು, ಬಾಲಕನು ಎಚ್ಚರುವನು. ಆಯುಧದ ಈ ಬದಲಾವಣೆಯು ಅರ್ಥವತ್ತಾದುದು. ಖಡ್ಗವು ಹಿಡಿದವನ ಕೈಗೆ ಅಧೀನ. ಅಸ್ತ್ರವಾದರೋ ತಾನೇ ದೋಷಿಯನ್ನು ಅರಿಯಬಲ್ಲುದು. ಹೀಗೆ ರಾಜಾಜ್ಞೆಯಿಂದ ನ್ಯಾಯವನ್ನು ಬೇರ್ಪಡಿಸಿದುದು ಕೃತಿಯ ಮುಖ್ಯ ಸಾಧನೆ.

ಪೂರ್ವಿಕರ ಕಥೆಯನ್ನು ಹೀಗೆ ತಿದ್ದುವುದರ ಔಚಿತ್ಯವನ್ನು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಪ್ರಶ್ನಿಸಿದುದುಂಟು. ಆದರೆ ಭವಭೂತಿಯು ಉತ್ತರಕಾಂಡದ ಸೀತಾವಿಯೋಗವನ್ನೇ ಸಮಾಗಮದಲ್ಲಿ ಮುಗಿಸಿದುದನ್ನು ರಸಿಕರು ಒಪ್ಪಿರುವರು. ರಸಕ್ಕಾಗಿ ಸಲ್ಲುವ ಸ್ವಾತಂತ್ರ್ಯವು ಧರ್ಮಕ್ಕಾಗಿ ಸಲ್ಲದೆಂಬುದಕ್ಕೆ ಯುಕ್ತಿಯಿಲ್ಲ. ಆದುದರಿಂದ ಆ ಆಕ್ಷೇಪವು ನಿಲ್ಲಲಾರದು.

ನಾಟಕದ ನಿಜವಾದ ಕೊರತೆಯು ಬೇರೆಡೆಯಲ್ಲಿದೆ. ಅಸ್ತ್ರವು ನಮಿಸುವುದು ಶಂಬೂಕನ ತಪಸ್ಸಿಗೆ. ತಪಸ್ಸಿಲ್ಲದ ಶೂದ್ರನೊಬ್ಬನು ಅಲ್ಲಿ ಕುಳಿತಿದ್ದರೆ ಅದು ಯಾರ ಕಡೆ ತಿರುಗುತ್ತಿದ್ದಿತು? ಶಂಕರ ಭಗವತ್ಪಾದರ ಸೂತ್ರಭಾಷ್ಯದ ಅಪಶೂದ್ರಾಧಿಕರಣವನ್ನು ಬಲ್ಲವರಿಗೆ ಈ ಶಂಕೆಯು ಸಹಜ. ವೇದಪೂರ್ವಕವಾದ ಅಧಿಕಾರವನ್ನು ಶೂದ್ರನಿಗೆ ನಿಷೇಧಿಸಿ, ವಿದುರ ಧರ್ಮವ್ಯಾಧರಿಗೆ ಪೂರ್ವಜನ್ಮದ ಸಂಸ್ಕಾರದಿಂದ ಜ್ಞಾನವುಂಟಾಯಿತೆಂದು ಭಾಷ್ಯಕಾರರು ಸಮಾಧಾನ ಹೇಳಿರುವರು. ಅಪವಾದವನ್ನು ಗೌರವಿಸಿದ ಮಾತ್ರಕ್ಕೆ ಉತ್ಸರ್ಗವು ಬಿದ್ದುಹೋಗುವುದಿಲ್ಲ. ಒಬ್ಬ ವಿದುರನನ್ನು ಕೊಂಡಾಡುವ ಸಮಾಜವು ಸಾವಿರ ದಾಸೀಪುತ್ರರನ್ನು ಬಾಗಿಲ ಹೊರಗೇ ನಿಲ್ಲಿಸಬಹುದು. ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿಯು ಸರ್ಕಾರಿ ಉದ್ಯೋಗಗಳಲ್ಲಿ ಹಿಂದುಳಿದ ವರ್ಗಗಳ ಪ್ರಾತಿನಿಧ್ಯವನ್ನು ವಿಚಾರಿಸಲು ನೇಮಕವಾದಾಗಲೂ, ಅರ್ಹತೆಯೊಂದೇ ಪ್ರಮಾಣವಾಗಲೆಂಬ ವಾದವು ಕೇಳಿಬಂದಿತು. ಅರ್ಹತೆಯನ್ನು ಗಳಿಸುವ ಮಾರ್ಗವನ್ನೇ ತಲೆತಲಾಂತರದಿಂದ ಮುಚ್ಚಿಟ್ಟು, ಅನಂತರ ಅರ್ಹತೆಯನ್ನು ಕೇಳುವುದು ನ್ಯಾಯವಲ್ಲ.

ಕುವೆಂಪು ಅವರ ಇತರ ಕೃತಿಗಳನ್ನು ಜೊತೆಗಿಟ್ಟು ನೋಡಿದರೆ ಈ ಕೊರತೆಯು ಬಹುಮಟ್ಟಿಗೆ ತುಂಬುತ್ತದೆ. ‘ಜಲಗಾರ’ದಲ್ಲಿ (1928) ಬೀದಿ ಗುಡಿಸುವವನಿಗೆ ಶಿವನು ತಾನೂ ಜಲಗಾರನಾಗಿಯೇ ಕಾಣಿಸಿಕೊಳ್ಳುವನು, ಅಲ್ಲಿ ಕಾಯಕವೇ ತಪಸ್ಸು. ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ನಾಯಿಗುತ್ತಿಯಾದರೋ ತಪಸ್ವಿಯೂ ಅಲ್ಲ, ಭಕ್ತನೂ ಅಲ್ಲ. ಸಿಂಬಾವಿ ಹೆಗ್ಗಡೆಯ ಜೀತದಾಳಾದ ಆ ಹೊಲೆಯನಿಗೆ ಇರುವುದು ತಾನು ಒಲಿದ ತಿಮ್ಮಿಯೂ ಹುಲಿಯನೆಂಬ ನಾಯಿಯೂ. ಯಾವ ಅಸ್ತ್ರವೂ ಅವನಿಗೆ ನಮಿಸದು, ಯಾವ ದೇವರೂ ಅವನಿಗೆ ಪ್ರತ್ಯಕ್ಷವಾಗದು. ಆದರೂ ತುಂಗೆಯ ಪ್ರವಾಹದಲ್ಲಿ ಹುಲಿಯನು ಕೊಚ್ಚಿಹೋಗುವಾಗ, ಗುತ್ತಿಯ ಸಂಕಟವು ಯಾವ ರಾಜನ ಸಂಕಟಕ್ಕೂ ಕಡಿಮೆಯದೆಂದು ಓದುಗನಿಗೆ ತೋರುವುದಿಲ್ಲ. ಯೋಗ್ಯತೆಯ ಪರೀಕ್ಷೆಯಿಲ್ಲದೆಯೇ ಮನುಷ್ಯನನ್ನು ಮನುಷ್ಯನೆಂದು ಅಂಗೀಕರಿಸುವುದು ಇಲ್ಲಿ ಸಿದ್ಧಿಸಿದೆ.

1950ರಲ್ಲಿ ಜಾರಿಗೆ ಬಂದ ಭಾರತ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ನಿಷೇಧಿಸಿತು. 1976ರ ಶಾಸನವು ಜೀತವನ್ನು ರದ್ದುಮಾಡಿತು. ಈ ಶಾಸನಗಳು ಯಾರ ತಪಸ್ಸನ್ನೂ ಅಳೆಯುವುದಿಲ್ಲ. ಶಂಬೂಕನಿಗಿಂತ ಗುತ್ತಿಯೇ ಅವುಗಳಿಗೆ ಹತ್ತಿರದವನು. ಆದುದರಿಂದ ‘ಶೂದ್ರ ತಪಸ್ವಿ’ಯನ್ನು ಕವಿಯ ನ್ಯಾಯವಿಚಾರದ ಕೊನೆಯ ಮಾತೆಂದು ಎಣಿಸದೆ, ಜಲಗಾರನಿಂದ ಗುತ್ತಿಯವರೆಗಿನ ದಾರಿಯ ನಡುವಣ ಮಜಲೆಂದು ತಿಳಿಯುವುದೇ ಯುಕ್ತ. ಅಪರಾಧವನ್ನು ಪೀಡಿತನಿಂದ ಪೀಡಕನೆಡೆಗೆ ತಿರುಗಿಸಿದ ಕೀರ್ತಿಯು ಆ ನಾಟಕಕ್ಕೆ ಸಲ್ಲುತ್ತದೆ. ಪೀಡಿತನು ಮಹಾತ್ಮನಾಗಿರಬೇಕೆಂಬ ನಿಬಂಧನೆಯನ್ನು ತೆಗೆದುಹಾಕಿದ ಕೀರ್ತಿಯು ಕಾದಂಬರಿಗೆ ಸೇರತಕ್ಕದ್ದು.