ನರ ತಪ್ಪಿಸಿ ಸಾಗುವ ದಾರಿ

ಭುಜದ ಕೀಲನ್ನು ತಲುಪಲು ಶಸ್ತ್ರವೈದ್ಯರು ಹಿಡಿಯುವ ಮುಂಭಾಗದ ದಾರಿ ನನಗೆ ಬಹಳ ಇಷ್ಟ. ಹೆಗಲಿಗೆ ಗುಂಡಗಿನ ಆಕಾರ ಕೊಡುವ ಡೆಲ್ಟಾಯ್ಡ್ ಒಂದು ಕಡೆ, ಎದೆಯ ದೊಡ್ಡ ಸ್ನಾಯು ಇನ್ನೊಂದು ಕಡೆ. ನಡುವೆ ಹೊಲದ ಬದುವಿನಂತೆ ಸೆಫಾಲಿಕ್ ರಕ್ತನಾಳ. ಎರಡೂ ಸ್ನಾಯುಗಳಿಗೆ ಬೇರೆ ಬೇರೆ ನರಗಳು. ಹಾಗಾಗಿ ನಡುವೆ ಸರಿಸಿಕೊಂಡು ಒಳಹೋದರೆ ಯಾವುದರ ನರವೂ ಕಡಿಯುವುದಿಲ್ಲ.

ಕಷ್ಟ ಇರುವುದು ಆಳದಲ್ಲಿ. ಕುತ್ತಿಗೆಯ 5 ಮತ್ತು 6ನೇ ನರಬೇರುಗಳಿಂದ ಬರುವ ಆಕ್ಸಿಲರಿ ನರ ಸಬ್‌ಸ್ಕ್ಯಾಪುಲಾರಿಸ್ ಸ್ನಾಯುವಿನ ಕೆಳಅಂಚಿನಲ್ಲಿ ನುಸುಳಿ, ಕೀಲಿನ ತಳಕ್ಕೆ ತೀರಾ ಹತ್ತಿರ ಹಾದು, ತೋಳಿನ ಮೂಳೆಯನ್ನು ಹಿಂದಿನಿಂದ ಬಳಸಿ ಡೆಲ್ಟಾಯ್ಡ್‌ನ ಒಳಮೈಗೆ ಬರುತ್ತದೆ. ಹೆಗಲ ತುದಿಯಿಂದ ಸುಮಾರು 5ರಿಂದ 7 ಸೆಂ.ಮೀ. ಕೆಳಗೆ. ಪಕ್ಕದಿಂದ ಡೆಲ್ಟಾಯ್ಡ್ ಸೀಳುವವರು 5 ಸೆಂ.ಮೀ.ಗೆ ಮುಂಚೆಯೇ ನಿಲ್ಲಿಸುವುದು ಇದಕ್ಕೇ. ಗಿಡ್ಡ ತೋಳಿನವರಲ್ಲಿ ಅಷ್ಟೂ ಜಾಗ ಇರಲಿಕ್ಕಿಲ್ಲ. ಪುಸ್ತಕದ ಅಳತೆ ಸಾಲದು.

ಆಗ ನೆರವಿಗೆ ಬರುವುದು ಬೆರಳು. ಸಬ್‌ಸ್ಕ್ಯಾಪುಲಾರಿಸ್ ಮೇಲೆ ಒಂದು ಬೆರಳನ್ನು ಕೆಳಕ್ಕೆ ಜಾರಿಸಿ ಬಾಗಿಸಿದರೆ ನರ ತಾಗುತ್ತದೆ. ಇನ್ನೊಂದು ಕೈಯ ಬೆರಳಿನಿಂದ ಡೆಲ್ಟಾಯ್ಡ್ ಅಡಿಯಲ್ಲಿ ಅದೇ ನರವನ್ನು ಮೆಲ್ಲಗೆ ಎಳೆದರೆ, ಈಚೆಯ ಬೆರಳಿಗೆ ಆ ಸೆಳೆತ ತಿಳಿಯುತ್ತದೆ. ನರ ತುಂಡಾಗಿಲ್ಲ ಎಂದು ನೋಡಲು ಇಷ್ಟು ಸಾಕು, ಯಂತ್ರ ಬೇಡ!