ಘಾಟು ಇಳಿದ ಮೇಲಿನ ಹವಾನಾ

ಕ್ಯೂಬಾದ ರಫಾಯೆಲ್ ಗೊನ್ಸಾಲೆಸ್ ಸಿಗಾರ್ ಪೆಟ್ಟಿಗೆಗಳ ಮೇಲೆ ಒಂದು ಸಲಹೆ ದಶಕಗಳಿಂದ ಅಚ್ಚಾಗುತ್ತ ಬಂದಿದೆ. ಪರಿಮಳ ಪೂರ್ತಿಯಾಗಿ ದಕ್ಕಬೇಕಾದರೆ ಹವಾನಾದಿಂದ ರವಾನೆಯಾದ ತಿಂಗಳೊಳಗೆ ಸೇದಬೇಕು, ಇಲ್ಲವೇ ಸುಮಾರು ಒಂದು ವರ್ಷ ಜೋಪಾನವಾಗಿ ಮಾಗಿಸಬೇಕು ಎಂಬುದು ಅದರ ಸಾರ. ತಾಜಾ ಇದ್ದಾಗ ಚೆನ್ನ, ಮಾಗಿದ ಮೇಲೆ ಚೆನ್ನ, ನಡುವಿನ ಹನ್ನೊಂದು ತಿಂಗಳು ಮುಟ್ಟದಿರುವುದು ಲೇಸು ಎಂದು ತಯಾರಕರೇ ಒಪ್ಪಿಕೊಂಡಂತಾಯಿತು.

ಆ ನಡುವಿನ ಕಾಲ ಎಷ್ಟು ದೊಡ್ಡದು ಎಂಬುದು ಸಿಗಾರ್ ಪ್ರಿಯರಲ್ಲಿ ಇವತ್ತಿಗೂ ಮುಗಿಯದ ಚರ್ಚೆ. ಅಂಗಡಿಯಿಂದ ತಂದ ಸಂಜೆಯೇ ಹೊತ್ತಿಸುವವರಿದ್ದಾರೆ. ಐದು ವರ್ಷ ತುಂಬದ ಪೆಟ್ಟಿಗೆಯ ಮುಚ್ಚಳ ತೆಗೆಯದವರಿದ್ದಾರೆ. ಇಪ್ಪತ್ತು ವರ್ಷಕ್ಕಿಂತ ಎಳೆಯದನ್ನು ಕಣ್ಣೆತ್ತಿಯೂ ನೋಡದವರಿದ್ದಾರೆ. ಎಲ್ಲರೂ ಎಲ್ಲ ಸಿಗಾರ್‌ಗೂ ಒಂದೇ ಲೆಕ್ಕ ಹಾಕುತ್ತಾರೆ. ಈ ಅಂಕಣದ ನಿಲುವು ಬೇರೆ: ಎಷ್ಟು ಕಾಯಬೇಕೆಂಬುದನ್ನು ತೀರ್ಮಾನಿಸುವುದು ಒಳಗೆ ಸುತ್ತಿದ ಎಲೆಯ ಕಡುಪು ಮತ್ತು ಸಿಗಾರ್‌ನ ಗಾತ್ರ. ಸೌಮ್ಯವಾದ ಹೋಯೊ ದೆ ಮೊಂಟೆರೇ ಸಿಗಾರ್‌ಗೆ ಹೊಂದುವ ಲೆಕ್ಕ ಕಡುವಾದ ಬೊಲಿವರ್‌ಗೆ ಹೊಂದುವುದಿಲ್ಲ.

ಕಾರಣ ತಿಳಿಯಬೇಕಾದರೆ ಕ್ಯೂಬಾದ ಪಶ್ಚಿಮ ತುದಿಯ ಪಿನಾರ್ ದೆಲ್ ರಿಯೊ ಪ್ರಾಂತ್ಯಕ್ಕೆ, ಅಲ್ಲಿನ ವುಯೆಲ್ತಾ ಅಬಾಹೊ ಸೀಮೆಗೆ ಹೋಗಬೇಕು. ಹವಾನಾ ಸಿಗಾರ್‌ಗಳ ಅತ್ಯುತ್ತಮ ಎಲೆ ಬೆಳೆಯುವುದು ಅಲ್ಲೇ. ಕೊಯ್ದ ಎಲೆಗಳನ್ನು ದಾರಕ್ಕೆ ಪೋಣಿಸಿ, ಕೋಲುಗಳಿಗೆ ನೇತುಹಾಕಿ, ಗಾಳಿಯಾಡುವ ಕೊಟ್ಟಿಗೆಗಳಲ್ಲಿ ಸುಮಾರು ಐವತ್ತು ದಿನ ಒಣಗಿಸುತ್ತಾರೆ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಗಾರರಿಗೆ ಇದು ಬೇರೆಯೇ ಪದ್ಧತಿ. ಅವರ ಬ್ಯಾರನ್‌ಗಳಲ್ಲಿ ಸೌದೆಯ ಬಿಸಿಗೆ ವಾರದ ಆಸುಪಾಸಿನಲ್ಲಿ ಸೊಪ್ಪು ಹದವಾಗುತ್ತದೆ, ಹಳದಿಗೆ ತಿರುಗುತ್ತದೆ, ಎಲೆಯ ಸಕ್ಕರೆ ಉಳಿದುಕೊಳ್ಳುತ್ತದೆ. ಸಿಗರೇಟಿಗೆ ಬೇಕಾದ ಗುಣವೇ ಅದು. ಗಾಳಿಗೆ ನಿಧಾನವಾಗಿ ಒಣಗುವ ಕ್ಯೂಬಾದ ಎಲೆಯಲ್ಲಿ ಸಕ್ಕರೆ ಬಹುಪಾಲು ಹೋಗಿಬಿಟ್ಟಿರುತ್ತದೆ. ಅದರ ರುಚಿ ಹುಟ್ಟುವುದು ಮುಂದಿನ ಹುದುಗುವಿಕೆಯಿಂದ.

ಒಣಗಿದ ಎಲೆಗಳನ್ನು ರಾಶಿ ಹಾಕಿ ತೇವದಲ್ಲಿ ಹುದುಗಿಸುತ್ತಾರೆ. ರಾಶಿಯೊಳಗೆ ಕಾವೇರುತ್ತದೆ. ಎಲೆಯ ಸಾರಜನಕ ಸಂಯುಕ್ತಗಳು ಒಡೆದು ಅಮೋನಿಯಾ ಹೊರಬೀಳುತ್ತದೆ. ಆಮೇಲೆ ಮೂಟೆ ಕಟ್ಟಿ ಗೋದಾಮಿನಲ್ಲಿಡುವ ಕಾಲ. ಚೆನ್ನಾಗಿ ಉರಿಯುವ ಬುಡದ ಎಲೆ ವೊಲಾಡೊಗೆ ವರ್ಷದ ಆಸುಪಾಸು ಸಾಕು. ಪರಿಮಳ ಕೊಡುವ ನಡುವಿನ ಸೆಕೊಗೆ ಇನ್ನಷ್ಟು ಸಮಯ ಬೇಕು. ಗಿಡದ ನೆತ್ತಿಯಲ್ಲಿ ಬಿಸಿಲುಂಡು ದಪ್ಪಗಾದ ಲಿಗೇರೊಗೆ ಎರಡು ವರ್ಷವಾದರೂ ಬೇಕು. ಸಿಗಾರ್‌ನ ಕಡುಪು ಬರುವುದು ಈ ಲಿಗೇರೊದಿಂದ, ಮಾಗಲು ಹೆಚ್ಚು ಕಾಲ ಬೇಡುವುದೂ ಇದೇ.

ಸುತ್ತುವ ಮುನ್ನ ಎಲೆಗೆ ಮತ್ತೆ ತೇವ ಕೊಡಬೇಕಾಗುತ್ತದೆ, ಇಲ್ಲದಿದ್ದರೆ ಅದು ಬೆರಳಲ್ಲೇ ಪುಡಿಯಾಗುತ್ತದೆ. ಆ ತೇವ ಹುದುಗುವಿಕೆಯನ್ನು ಮತ್ತೆ ಎಬ್ಬಿಸುತ್ತದೆ. ಕಾರ್ಖಾನೆಯ ತಂಪು ಕೋಣೆಯಲ್ಲಿ ಕೆಲವು ವಾರ ಇಟ್ಟು ಹೆಚ್ಚಿನ ತೇವ ಇಳಿಸುತ್ತಾರಾದರೂ ಒಳಗಿನ ಕೆಲಸ ನಿಲ್ಲುವುದಿಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ಅಮೋನಿಯಾ ತುಂಬಿಕೊಳ್ಳುತ್ತದೆ. ಆರೆಂಟು ತಿಂಗಳ ಪೆಟ್ಟಿಗೆ ತೆರೆದಾಗ ಮೂಗಿಗೆ ಹೊಡೆಯುವ ಘಾಟು ಅದರದೇ. ಆಗ ಸೇದಿದರೆ ನಾಲಗೆ ಚುರುಗುಟ್ಟುತ್ತದೆ, ಗಂಟಲು ಒಗರಾಗುತ್ತದೆ. ಸಿಗಾರ್ ಬಲ್ಲವರು ಇದನ್ನು ಕಾಯಿಲೆಯ ಕಾಲ ಎನ್ನುತ್ತಾರೆ.

ಈ ಅನುಭವವನ್ನು ಕ್ರಮಬದ್ಧವಾಗಿ ಬರೆದಿಟ್ಟವರು ಹಾಂಗ್‌ಕಾಂಗ್‌ನ ಸಂಗ್ರಾಹಕ ಮಿನ್ ರಾನ್ ನೀ. ಕ್ರಾಂತಿಯ ನಂತರದ ಹವಾನಾ ಸಿಗಾರ್‌ಗಳ ಕುರಿತ ಅವರ ಸಚಿತ್ರ ವಿಶ್ವಕೋಶ 2003ರಲ್ಲಿ ಬಂತು. ಸಂಗ್ರಾಹಕರ ಮಾತುಕತೆ ಅಂದಿನಿಂದ ಅದರ ಪರಿಭಾಷೆಯಲ್ಲೇ ನಡೆಯುತ್ತಿದೆ. ತಾಜಾತನ, ಕಾಯಿಲೆಯ ಕಾಲ, ಆಮೇಲೆ ಮೂರು ಮಾಗುವಿಕೆಗಳು. ಮೊದಲ ಮಾಗುವಿಕೆಯಲ್ಲಿ ಅಮೋನಿಯಾ ಹೋಗಿ ಎಲೆಯ ನಿಜವಾದ ರುಚಿ ತೆರೆದುಕೊಳ್ಳುತ್ತದೆ. ಎರಡನೆಯದರಲ್ಲಿ ಟ್ಯಾನಿನ್ ಒಡೆದು ಒಗರು ಕರಗುತ್ತದೆ, ಇದಕ್ಕೆ ದಶಕ ದಾಟಬೇಕಾಗಬಹುದು. ಮೂರನೆಯದು ಇಪ್ಪತ್ತು ವರ್ಷ ಮೀರಿದ ಸಿಗಾರ್‌ಗಳದ್ದು; ಕಡುಪೆಲ್ಲ ಹೋಗಿ, ಹಳೆಯ ವೈನ್‌ನಲ್ಲಿ ಸಿಗುವಂಥ ನವಿರು ಪರಿಮಳವಷ್ಟೇ ಉಳಿಯುತ್ತದೆ. ಎಲ್ಲ ಸಿಗಾರ್‌ಗಳೂ ಅಲ್ಲಿಯವರೆಗೆ ಬಾಳುವುದಿಲ್ಲ ಎಂಬುದನ್ನು ಸಂಗ್ರಾಹಕರು ಮರೆಯಬಾರದು.

ತಾಜಾ ಸಿಗಾರ್‌ನ ಪರ ವಹಿಸುವವರನ್ನೂ ಹಗುರವಾಗಿ ಕಾಣುವಂತಿಲ್ಲ. ವುಯೆಲ್ತಾ ಅಬಾಹೊದ ರೈತರು ತಮ್ಮ ಹೊಲದ ಎಲೆಯನ್ನು ತಾವೇ ಸುತ್ತಿ ಆಗಲೇ ಹೊತ್ತಿಸುತ್ತಾರೆ. ಹವಾನಾದ ಸಿಗಾರ್ ಅಂಗಡಿಗಳಲ್ಲಿ ನುರಿತ ಕೈಗಳು ಸುತ್ತಿಕೊಟ್ಟದ್ದನ್ನು ಅಲ್ಲೇ ಕುಳಿತು ಸೇದುವವರು ಬಹಳ. ಸುತ್ತಿದ ಮೊದಲ ವಾರಗಳಲ್ಲಿ ಎಲೆಗೆ ಒಂದು ಹಸಿ ಸಿಹಿ, ಒಂದು ದಿಟ್ಟತನ ಇರುತ್ತದೆ. ಎಷ್ಟು ವರ್ಷ ಕಾದರೂ ಅದು ಮರಳಿ ಬರುವುದಿಲ್ಲ. ಪಾರ್ತಾಗಾಸ್ ಸೆರಿಯೆ ಡಿ ನಂಬರ್ 4ರ ಮೆಣಸಿನ ಖಾರವನ್ನು ಮೆಚ್ಚುವವರು ಅದನ್ನು ಎಳೆಯದಾಗಿಯೇ ಸೇದಬೇಕು. ಐದು ವರ್ಷಕ್ಕೆ ಆ ಖಾರ ಚರ್ಮದ, ಹುರಿದ ಕಾಫಿಬೀಜದ ವಾಸನೆಗೆ ತಿರುಗಿರುತ್ತದೆ. ಎರಡೂ ಸೊಗಸು, ಎರಡೂ ಬೇರೆ.

ಹಾಗಾದರೆ ಯಾವುದಕ್ಕೆ ಎಷ್ಟು?

ಹೋಯೊ ದೆ ಮೊಂಟೆರೇ ಎಪಿಕ್ಯೂರ್ ನಂಬರ್ 2 ಮತ್ತು ಎಚ್. ಅಪ್‌ಮನ್ ಮನೆಯ ಸೌಮ್ಯ ಸಿಗಾರ್‌ಗಳಿಗೆ ಮೂರರಿಂದ ಆರು ವರ್ಷ ಸಾಕು. ಅವುಗಳ ಸೊಬಗೇ ಹಗುರ. ಹತ್ತು ವರ್ಷ ಇಟ್ಟರೆ ಕಡುಪಿನ ಜೊತೆ ರುಚಿಯೂ ಸವೆದು ಬರೀ ಹೊಗೆ ಉಳಿಯುವ ಅಪಾಯವಿದೆ. ಮೊಂಟೆಕ್ರಿಸ್ಟೊ ನಂಬರ್ 4 ಬರೀ 129 ಮಿಲಿಮೀಟರ್ ಉದ್ದದ ತೆಳು ಸಿಗಾರ್. ನಾಲ್ಕರಿಂದ ಏಳು ವರ್ಷದೊಳಗೆ ಅದರ ಕೋಕೋ ಪರಿಮಳ ಅತ್ಯುತ್ತಮ ಸ್ಥಿತಿಗೆ ಬರುತ್ತದೆ. 1966ರಲ್ಲಿ ಹುಟ್ಟಿದ ಕೊಹೀಬಾದ ಸೆಕೊ ಮತ್ತು ಲಿಗೇರೊ ಎಲೆಗಳು ಪೀಪಾಯಿಗಳಲ್ಲಿ ಮೂರನೆಯ ಸಲ ಹುದುಗುವುದರಿಂದ ಅವಕ್ಕೆ ಮೊದಲಿನಿಂದಲೇ ಒಂದು ನಯ ಇರುತ್ತದೆ. ಎರಡು ಮೂರು ವರ್ಷಕ್ಕೆ ತೆರೆದರೂ ನಷ್ಟವಿಲ್ಲ.

ಬೊಲಿವರ್ ಬೇರೆ ಜಾತಿ. ಲಿಗೇರೊ ಧಾರಾಳವಾಗಿರುವ ಬೆಲಿಕೋಸೊಸ್ ಫಿನೊಸ್, ರಾಯಲ್ ಕೊರೋನಾಸ್‌ಗಳಿಗೆ ಎಂಟು ವರ್ಷವಾದರೂ ಕೊಡಬೇಕು. ಅಲ್ಲಿಯವರೆಗೆ ಅವುಗಳ ಮಣ್ಣಿನ ಗಂಧ ಒರಟುತನದಡಿ ಹೂತಿರುತ್ತದೆ. ಇನ್ನು 194 ಮಿಲಿಮೀಟರ್ ಉದ್ದದ ಪಾರ್ತಾಗಾಸ್ ಲುಸಿತಾನಿಯಾಸ್: ಇದಕ್ಕೆ ಹನ್ನೆರಡು, ಹದಿನೈದು ವರ್ಷ ಕಾದರೂ ವ್ಯರ್ಥವಾಗುವುದಿಲ್ಲ. ಎಲೆ ಹೆಚ್ಚಿದ್ದಷ್ಟೂ ಒಳಗಿನ ತೈಲ ಹೆಚ್ಚು, ಅದು ಆವಿಯಾಗುವುದು ನಿಧಾನ. ಇಪ್ಪತ್ತರ ಹಂತದ ಪರಿಮಳ ನೋಡಬೇಕೆನ್ನುವವರು ತಮ್ಮ ತಾಳ್ಮೆಯನ್ನು ಇಂಥ ದೊಡ್ಡ, ಕಡು ಸಿಗಾರ್‌ಗಳಿಗೆ ಮೀಸಲಿಡುವುದು ಒಳಿತು.

ಹಳೆಯದೆಲ್ಲ ಶ್ರೇಷ್ಠ ಎಂಬ ನಂಬಿಕೆಗೆ ದಂತಕಥೆಯಾದ ಕೆಲವು ಪೆಟ್ಟಿಗೆಗಳು ಕಾರಣ. ತಮ್ಮ ಹೆಸರಿನಲ್ಲಿ ಕ್ಯೂಬನ್ ಸಿಗಾರ್ ಮಾರುತ್ತಿದ್ದ ಝೀನೊ ಡೇವಿಡಾಫ್ ಕ್ಯೂಬಾದವರೊಂದಿಗೆ ಮುನಿಸಿಕೊಂಡು 1989ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸಿಗಾರ್‌ಗಳನ್ನು ಬಹಿರಂಗವಾಗಿ ಸುಡಿಸಿದರು. 1990ರ ದಶಕದ ಆರಂಭದಲ್ಲಿ ಡೇವಿಡಾಫ್ ಹೆಸರಿನ ಕ್ಯೂಬನ್ ಸಿಗಾರ್ ನಿಂತುಹೋಯಿತು, ಡನ್‌ಹಿಲ್ ಹೆಸರಿನದೂ ನಿಂತಿತು. ಉಳಿದ ಪೆಟ್ಟಿಗೆಗಳು ಇಂದು ಹರಾಜಿನ ವಸ್ತುಗಳು. ಅವು ರುಚಿಕರವೆಂಬುದು ನಿಜ. ಆದರೆ ಆ ರುಚಿಗೆ ವಯಸ್ಸೊಂದೇ ಕಾರಣವಲ್ಲ. ಅವುಗಳ ಹೊದಿಕೆ ಎಲೆ ಹಳೆಯ ಕೊರೊಹೊ ತಳಿಯದು. 1980ರ ಆಸುಪಾಸಿನಲ್ಲಿ ನೀಲಿ ಬೂಷ್ಟು ರೋಗ ಕ್ಯೂಬಾದ ಬೆಳೆಯ ಬಹುಪಾಲನ್ನು ಹಾಳುಮಾಡಿದ ಮೇಲೆ ರೋಗ ತಾಳುವ ತಳಿಗಳ ಹುಡುಕಾಟ ಬಿರುಸಾಯಿತು. 1990ರ ದಶಕದಲ್ಲಿ ಹಬಾನಾ 2000, ಆಮೇಲೆ ಕ್ರಿಯೊಯೊ 98, ಕೊರೊಹೊ 99 ಹೊಲಕ್ಕಿಳಿದವು. ಇಂದು ಕೊಂಡ ಪೆಟ್ಟಿಗೆ ಮೂವತ್ತು ವರ್ಷದ ನಂತರ 1980ರ ದಶಕದ ಡೇವಿಡಾಫ್‌ನಂತೆ ಆಗುತ್ತದೆ ಎಂದು ಕಾಯುವವರು ಬೇರೆ ಗಿಡದ ಎಲೆಯಿಂದ ಅದೇ ರುಚಿ ನಿರೀಕ್ಷಿಸುತ್ತಿದ್ದಾರೆ.

ಇನ್ನೊಂದು ತಪ್ಪು ನಂಬಿಕೆಯನ್ನೂ ಇಲ್ಲೇ ಬಿಡಿಸಬೇಕು. ಮಾಗಿದ ಸಿಗಾರ್ ನಯವಾಗಿರುವುದರಿಂದ ಹಾನಿಯೂ ಕಡಿಮೆ ಎಂದು ಹೇಳುವವರಿದ್ದಾರೆ. ಹಾಗೇನೂ ಇಲ್ಲ. ಹೊಗೆ ನುಂಗದೆ ಸೇದಿದರೂ ಬಾಯಿ, ಗಂಟಲಿನ ಕ್ಯಾನ್ಸರ್‌ನ ಅಪಾಯ ಇದ್ದೇ ಇದೆ. ವಯಸ್ಸು ಅದನ್ನು ಅಳಿಸುವುದಿಲ್ಲ.

ಮಾಗುವುದಕ್ಕೆ ಕಾಲದಷ್ಟೇ ಜಾಗವೂ ಮುಖ್ಯ. 16ರಿಂದ 18 ಡಿಗ್ರಿ ಸೆಲ್ಸಿಯಸ್ ತಂಪು, ಶೇ. 65ರ ಆಸುಪಾಸಿನ ತೇವ ದೀರ್ಘಕಾಲಕ್ಕೆ ಸೂಕ್ತ. ಲಂಡನ್ನಿನ ನೆಲಮಾಳಿಗೆಯಲ್ಲಿ ಇದು ತಾನಾಗಿ ಒದಗುತ್ತಿತ್ತು, ಏಪ್ರಿಲ್‌ನ ಬೆಂಗಳೂರಿನಲ್ಲಾಗಲಿ ಮಳೆಗಾಲದ ಮಂಗಳೂರಿನಲ್ಲಾಗಲಿ ಒದಗುವುದಿಲ್ಲ. ಕಾವು 24 ಡಿಗ್ರಿ ಮೀರಿದರೆ ಎಲೆಯೊಳಗಿನ ಹೊಗೆಸೊಪ್ಪಿನ ದುಂಬಿಯ ಮೊಟ್ಟೆ ಒಡೆಯುವ ಭಯ. ಹುಳು ಕೊರೆದ ಸಿಗಾರ್ ಕೊಳಲಿನಂತೆ ತೂತಾಗುತ್ತದೆ. ಕ್ಯೂಬಾದವರು ರಫ್ತಿಗೆ ಮುನ್ನ ಸಿಗಾರ್‌ಗಳನ್ನು ಶೀತಲಗೊಳಿಸಲು ತೊಡಗಿದ ಮೇಲೆ ಈ ಕಾಟ ತಗ್ಗಿದೆ. ಆದರೂ ನಮ್ಮ ಕಡೆ ಹತ್ತು ವರ್ಷದ ಯೋಜನೆ ಹಾಕುವವರಿಗೆ ವೈನ್ ಫ್ರಿಜ್ ಮತ್ತು ತೇವ ಕಾಯುವ ಪೊಟ್ಟಣ ಬೇಕೇ ಬೇಕು. ಹೊರಗಿನ ತೇವ ಶೇ. 85 ಇರುವ ಕರಾವಳಿಯಲ್ಲಿ ಆ ಪೊಟ್ಟಣದ ಕೆಲಸ ತೇವ ಹೀರುವುದು, ಬಯಲುಸೀಮೆಯ ಬೇಸಿಗೆಯಲ್ಲಿ ತೇವ ಕೊಡುವುದು.

ಪೆಟ್ಟಿಗೆಯ ಮರವೂ ಈ ಕೆಲಸದಲ್ಲಿ ಪಾಲುದಾರ. ಸ್ಪ್ಯಾನಿಷ್ ಸೀಡರ್ ಎಂದು ಕರೆಯುವ ಈ ಮರ ಮಹಾಗನಿ ಕುಟುಂಬದ್ದು. ನಮ್ಮ ಘಟ್ಟದ ಗಂಧಗರಿಗೆ ಇದರ ಹತ್ತಿರದ ನೆಂಟ. ಸಸ್ಯಶಾಸ್ತ್ರಜ್ಞರು ಹಿಂದೆ ಎರಡನ್ನೂ ಒಂದೇ ಕುಲಕ್ಕೆ ಸೇರಿಸಿದ್ದರು, ಗಂಧಗರಿಗೆಯಿಂದಲೂ ಸಿಗಾರ್ ಪೆಟ್ಟಿಗೆ ಮಾಡುತ್ತಿದ್ದರು. ಜಾರುಮುಚ್ಚಳದ ಪೆಟ್ಟಿಗೆಯಲ್ಲಿ ಐವತ್ತು ಸಿಗಾರ್‌ಗಳನ್ನು ರೇಷ್ಮೆ ಪಟ್ಟಿಯಿಂದ ಒಂದೇ ಕಟ್ಟಾಗಿ ಬಿಗಿದಿಡುವ ಕ್ಯಾಬಿನೆಟ್ ದೀರ್ಘಕಾಲಕ್ಕೆ ಎಲ್ಲಕ್ಕಿಂತ ಉತ್ತಮ. ಎಲೆ ಎಲೆಗೆ ತಾಗಿ ತಮ್ಮ ತೇವವನ್ನು ತಾವೇ ಕಾಯ್ದುಕೊಳ್ಳುತ್ತವೆ, ಗಾಳಿ ಒಳಹೋಗುವುದು ಕಡಿಮೆ.

ವಯಸ್ಸು ತಿಳಿಯುವುದು ಪೆಟ್ಟಿಗೆಯ ತಳದ ಮುದ್ರೆಯಿಂದ. 2000ದಿಂದೀಚೆಗೆ ಸ್ಪ್ಯಾನಿಷ್ ತಿಂಗಳ ಮೊದಲ ಮೂರಕ್ಷರ ಮತ್ತು ವರ್ಷ ಅಲ್ಲಿರುತ್ತದೆ: ಜನವರಿಗೆ ‘ಎನೆ’, ಆಗಸ್ಟ್‌ಗೆ ‘ಅಗೊ’. 1985ರಿಂದ ಇದ್ದ ಹಳೆಯ ಪದ್ಧತಿಯಲ್ಲಿ ‘ನಿವೆಲಾಕುಸೊ’ ಎಂಬ ಗುಪ್ತಪದದ ಹತ್ತು ಅಕ್ಷರಗಳು ಹತ್ತು ಅಂಕಿಗಳಿಗೆ ನಿಂತಿದ್ದವು. ಈ ದಿನಾಂಕ ಪೆಟ್ಟಿಗೆಗೆ ತುಂಬಿದ ತಿಂಗಳದ್ದೇ ಹೊರತು ಎಲೆ ಕೊಯ್ದ ವರ್ಷದ್ದಲ್ಲ.

ಎಲೆಯ ವಯಸ್ಸು ಮತ್ತು ಸುತ್ತಿದ ಸಿಗಾರ್‌ನ ವಯಸ್ಸು, ಇವೆರಡರ ವ್ಯತ್ಯಾಸ ಹಣ ತೆರುವವರಿಗೆ ಗೊತ್ತಿರಲೇಬೇಕು. ರಿಸರ್ವಾ ಎಂದಿದ್ದರೆ ಮೂರು ವರ್ಷ, ಗ್ರಾನ್ ರಿಸರ್ವಾ ಎಂದಿದ್ದರೆ ಐದು ವರ್ಷ ಮೂಟೆಯಲ್ಲಿ ಮಾಗಿದ ಎಲೆ. ಅವನ್ನೂ ತೇವ ಕೊಟ್ಟೇ ಸುತ್ತಿರುತ್ತಾರೆ, ಆದ್ದರಿಂದ ಸುತ್ತಿದ ಮೇಲೂ ವಿಶ್ರಾಂತಿ ಬೇಕು. ಕ್ಯೂಬಾದ ಸಿಗಾರ್ ಮಾರುವ ಹಬಾನೋಸ್ ಸಂಸ್ಥೆ 2015ರಲ್ಲಿ ತಂದ ಅನೆಹಾದೋಸ್ ಶ್ರೇಣಿ ಬೇರೆ. ಮೊಂಟೆಕ್ರಿಸ್ಟೊ ಚರ್ಚಿಲ್, ರೋಮಿಯೊ ಇ ಹುಲಿಯೆತಾ ಪಿರಾಮಿದೆಸ್‌ಗಳನ್ನು ಸುತ್ತಿದ ಮೇಲೆ ಐದರಿಂದ ಎಂಟು ವರ್ಷ ಹವಾನಾದಲ್ಲೇ ಇಟ್ಟು ಮಾರಿದರು. ಕಾಯುವ ಸ್ಥಳವಿಲ್ಲದವರಿಗೆ ಇದು ನ್ಯಾಯವಾದ ದಾರಿ.

2022ರಲ್ಲಿ ಕೊಹೀಬಾ, ಟ್ರಿನಿಡಾಡ್ ಸಿಗಾರ್‌ಗಳ ಬೆಲೆ ಜಗತ್ತಿನಾದ್ಯಂತ ಏರಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಇಯಾನ್ ಚಂಡಮಾರುತ ಪಿನಾರ್ ದೆಲ್ ರಿಯೊದ ಸಾವಿರಾರು ಒಣಗಿಸುವ ಕೊಟ್ಟಿಗೆಗಳನ್ನು ಕೆಡವಿತು. ಪೆಟ್ಟಿಗೆಗಟ್ಟಲೆ ಕೂಡಿಡುವುದು ಈಗ ಬಹಳ ಜನಕ್ಕೆ ಸಾಧ್ಯವಿಲ್ಲ. ಇಪ್ಪತ್ತೈದರ ಒಂದೇ ಪೆಟ್ಟಿಗೆ ಕೊಳ್ಳುವವರು ಅದನ್ನೇ ಹಂಚಿಕೊಂಡು ಸೇದುವುದು ಜಾಣತನ. ಮಧ್ಯಮ ಕಡುಪಿನ ಸಿಗಾರ್ ಆದರೆ, ತಂದ ಕೂಡಲೇ ಒಂದು. ಆಮೇಲೆ ಮೂರನೆಯ ವರ್ಷದವರೆಗೆ ಮುಚ್ಚಳ ತೆರೆಯದೆ, ಆಗ ಎರಡು. ಘಾಟು ಇನ್ನೂ ಇದ್ದರೆ ಮತ್ತೊಂದು ವರ್ಷ ಬಿಡುವು. ಐದರಿಂದ ಎಂಟನೆಯ ವರ್ಷದೊಳಗೆ ಹದಿನೈದು, ಪ್ರತಿಯೊಂದರ ರುಚಿಯನ್ನೂ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಗುರುತು ಹಾಕಿಕೊಂಡು. ಉಳಿದ ಏಳನ್ನು ಹತ್ತು ದಾಟಿಸಬೇಕೇ ಎಂಬುದನ್ನು ಆ ಚೀಟಿ ನೋಡಿ ತೀರ್ಮಾನಿಸಬಹುದು. ಬೊಲಿವರ್ ಆದರೆ ಈ ವೇಳಾಪಟ್ಟಿಯನ್ನು ಮೂರು ವರ್ಷ ಮುಂದೂಡಬೇಕು. ಹೋಯೊ ಆದರೆ ಏಳನೆಯ ವರ್ಷದೊಳಗೆ ಪೆಟ್ಟಿಗೆ ಖಾಲಿಯಾಗಬೇಕು.